ಹುಣಸೆ ಹಿಂಡಿದ ಬೇಳೆ

ಮೊಮ್ಮಕ್ಕಳೇ, ನಾನು ಜೀವಮಾನದಲ್ಲಿ ಒಂದೇ ಸಲ ಬೇಕೆಂದೇ ಅಡುಗೆ ಕೆಡಿಸಿದ್ದೇನೆ. ನಾವಿರುವ ಈ ಮನೆ ನನ್ನದಾದದ್ದು ಆ ಕೆಟ್ಟ ಅಡುಗೆಯಿಂದ. ನಮ್ಮ ಆಯಿ ಮನೆ ಕೊಂಡ ಮೇಲೆ ಬಾವಿಯ ನೀರು ಸಿಹಿಯಾಯಿತು ಎಂದು ನೀವು ಗೆಳೆಯರ ಮುಂದೆ ಹೇಳಿಕೊಳ್ಳುತ್ತೀರಲ್ಲ — ಅದು ಸುಳ್ಳು. ನೀರು ಮೊದಲಿನಿಂದಲೂ ಸಿಹಿಯೇ. ಗಡಸೆಂದು ನಂಬಿಸಿದವಳು ನಾನು. ನಂಬಿದವಳು ಗೌರವ್ವ — ದಿನಾ ಬೆಳಿಗ್ಗೆ ಕೊಡ ಹೊತ್ತು ಬಂದು, ನಿಮ್ಮ ಗಲ್ಲ ಹಿಂಡಿ, ನೀರು ತುಂಬಿಕೊಂಡು ಹೋಗುತ್ತಿದ್ದ ಅದೇ ಗೌರವ್ವ.

ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅಗರಖೇಡದ ಸಾಲಿಯಲ್ಲಿ ಕಲಿತ ನಾಲ್ಕಕ್ಷರ ಇವೆ, ಅವುಗಳಲ್ಲಿ ಬರೆಯುತ್ತೇನೆ.

ಸಿಂದಗಿಯ ಈ ಭಾಗಕ್ಕೆ ಗಿರಣಿ ಚಾಳ ಎನ್ನುವುದು ಸುಮ್ಮನೆ ಬಂದ ಹೆಸರಲ್ಲ. ನೀವು ಕ್ರಿಕೆಟ್ ಆಡುವ ಬಯಲಿನಲ್ಲಿ ಹತ್ತಿಯ ರಾಶಿ ಬೀಳುತ್ತಿತ್ತು. ಬೀಜ ಬಿಡಿಸುವ ಯಂತ್ರಕ್ಕೆ ನಿಮ್ಮ ಮುತ್ಯಾ, ನನ್ನ ಯಜಮಾನರು, ಹತ್ತಿ ಊಡುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ ಕುಳಿತು ಎಲೆ, ಕಸ, ಹಳದಿಗಟ್ಟಿದ ಎಳೆ ಆರಿಸುತ್ತಿದ್ದೆ. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಅರಳೆ. ಗಿರಣಿ ನಿಂತಿತು, ಯಂತ್ರಗಳು ಗುಜರಿಗೆ ಹೋದವು, ಚಾಳದವರು ಒಬ್ಬೊಬ್ಬರಾಗಿ ಇಂಡಿಗೆ, ಮುದ್ದೇಬಿಹಾಳಕ್ಕೆ, ತಂತಮ್ಮ ಹಳ್ಳಿಗೆ ಹೋದರು. ಕೊನೆಯ ಈ ಮನೆಯಲ್ಲಿ ನಾವಷ್ಟೇ ಉಳಿದೆವು, ಬಾಡಿಗೆಗೆ.

ಗಿರಣಿಯ ತೊಟ್ಟಿಯ ನೀರೂ ನಿಂತಾಗ ಮುತ್ಯಾ ಹಿತ್ತಲ ಹಳೆ ಬಾವಿಯ ಮೇಲಿನ ಚಪ್ಪಡಿ ಸರಿಸಿದರು, ಹೂಳು ತೆಗೆದರು. ಆ ನೀರಿನಲ್ಲಿ ನಾನು ಬೇಳೆ ಇಟ್ಟೆ. ಬೆಣ್ಣೆಯಂತೆ ಕರಗಿತು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸುಖ. ಮರುವರ್ಷ ಅವರು ಜ್ವರದಲ್ಲಿ ಹೋದರು. ಆಮೇಲೆ ಆ ನೀರಿನ ಗುಟ್ಟು ನನ್ನೊಬ್ಬಳದೇ ಆಯಿತು. ನಿಮ್ಮಪ್ಪ ಆಗ ಅಂಬೆಗಾಲಿನ ಕೂಸು.

ಅದೇ ಹೊತ್ತಿಗೆ ಗಿರಣಿಯ ಸಾವುಕಾರರು ಚಾಳದ ಮನೆಗಳನ್ನು ಮಾರಲು ನಿಂತರು. ನನಗೆ ಒಂದು ಸುಗ್ಗಿಯ ಕಾಲಾವಕಾಶ ಬೇಕಿತ್ತು. ಕೌದಿ ಹೊಲಿದು ಕೂಡಿಟ್ಟ ದುಡ್ಡಿತ್ತು, ತೊಗರಿ ಮಾರಿದ ಮೇಲೆ ಉಳಿದದ್ದು ಕೊಡುತ್ತೇನೆಂದು ನನ್ನ ತಮ್ಮ ಮಾತು ಕೊಟ್ಟಿದ್ದ. ಸುಗ್ಗಿವರೆಗೆ ತಡೆಯಿರಿ ಎಂದು ಸಾವುಕಾರರಿಗೆ ಹೇಳಿದ್ದರೆ... ಹೇಳಲಿಲ್ಲ. ಗಂಡಸರ ಮುಂದೆ ಬಾಗಿಲ ಮರೆಯಿಂದಲ್ಲದೆ ಮಾತಾಡಿದವಳಲ್ಲ ನಾನು.

ಆಗ ದೇವರ ಹಿಪ್ಪರಗಿಯಿಂದ ಗೌರವ್ವ, ಅವಳ ಗಂಡ ಮನೆ ನೋಡಲು ಬಂದರು.

ನಮ್ಮ ಕಡೆ ಮನೆ ಕೊಳ್ಳುವ ಹೆಂಗಸು ಗೋಡೆ ಬಾಗಿಲಿಗಿಂತ ಮೊದಲು ನೀರು ನೋಡುತ್ತಾಳೆ. ತನ್ನ ಹೊಲದ ತೊಗರಿ ಬೇಳೆ ತಂದು ಆ ಮನೆಯ ನೀರಿನಲ್ಲಿ ಬೇಯಿಸುತ್ತಾಳೆ. ನೀರಿನ ಗಡಸುತನ ನಾಲಿಗೆಗೆ ಎಷ್ಟೋ ಸಲ ತಿಳಿಯುವುದಿಲ್ಲ, ಬೇಳೆಗೆ ತಿಳಿಯುತ್ತದೆ. ಗೌರವ್ವನ ಗಂಡ ಒಂದು ತಂಬಿಗೆ ನೀರು ಕುಡಿದು, ಚಲೋ ಐತಲ್ಲ, ಇನ್ನೇನು ನೋಡ್ತಿ ಎಂದ.

“ನಿಮ್ಮ ಬಾಯಿಗೇನ ತಿಳೀತೈತಿ? ಬೀಡಿ ಸೇದೂ ಬಾಯಿ. ಬ್ಯಾಳಿ ಹೇಳ್ಲಿ,” ಎಂದಳು ಗೌರವ್ವ.

ಸೆರಗಿನಲ್ಲಿ ಕಟ್ಟಿ ತಂದ ಬೇಳೆಯನ್ನು ನನ್ನ ಬೊಗಸೆಗೆ ಸುರಿದಳು. ಬೇರೆಯವರ ಒಲೆಗೆ ತಾನು ಕೈಹಾಕಬಾರದೆಂಬ ಮರ್ಯಾದೆ ಅವಳದು.

“ತಂಗೀ, ನಮ್ಮ ಹೊಲದ್ದು. ಎರಡು ಕುದಿಗೆ ಮೆತ್ತಗಾಗ್ತೈತಿ. ನೀನ ಇಡವ್ವಾ.”

ಅವರಿಬ್ಬರೂ ಕಟ್ಟೆಯ ಮೇಲೆ ಕುಳಿತರು. ಒಳಗೆ ಒಲೆ, ನಾನು, ಮಧ್ಯಾಹ್ನದ ಸಾರಿಗೆ ನೆನೆಹಾಕಿದ್ದ ಹುಣಸೆಹಣ್ಣು. ಹುಳಿ ಬಿದ್ದ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ. ಬೇಳೆ ಬೆಂದ ಮೇಲೆಯೇ ನಾವು ಹುಣಸೆ ಹಾಕುವುದು ಅದಕ್ಕೇ. ನನ್ನ ಕೈ ತಾನಾಗಿಯೇ ಹೋಯಿತೆಂದು ಬರೆಯಲು ಮನಸ್ಸಾಗುತ್ತದೆ — ಇಲ್ಲ, ನಾನೇ ಒಯ್ದೆ. ಗಟ್ಟಿಯಾಗಿ ಹಿಂಡಿದೆ. ಬಣ್ಣ ಕಾಣದಿರಲಿ ಎಂದು ಅರಿಶಿನ ಜಾಸ್ತಿ ಹಾಕಿದೆ. ಅಷ್ಟು ಯೋಚನೆ ಇತ್ತು ನನಗೆ.

ಕುದಿಸಿದೆ, ಕುದಿಸಿದೆ. ಗೌರವ್ವ ಬಂದು ಒಂದು ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಕಲ್ಲು. ಅಂದು ಸೋಮವಾರ, ಅವಳ ಒಪ್ಪತ್ತು, ಬಾಯಿಗೆ ಹಾಕುವ ಹಾಗಿರಲಿಲ್ಲ. ಹಾಕಿದ್ದರೆ ಹುಳಿ ಗೊತ್ತಾಗುತ್ತಿತ್ತು. ಅವಳು ನನ್ನನ್ನು ನೋಡಿ ಮರುಗಿದಳು. ಇಂಥ ನೀರಿನಲ್ಲಿ ಹೆಂಗ ಸಂಸಾರ ಮಾಡ್ತಿ ತಂಗೀ ಎಂದು ನನ್ನ ಬೆನ್ನು ಸವರಿ ಹೋದಳು. ಬೇರೆಯವರೂ ಬರಲಿಲ್ಲ. ಚಾಳದ ಬಾವಿ ಗಡಸು ಎಂಬ ಸುದ್ದಿ ಸಂತೆಯ ತುಂಬ ಹರಡಿತ್ತು.

ಸುಗ್ಗಿ ಮುಗಿಯಿತು. ನಾನು ತಲೆಯ ಮೇಲೆ ಸೆರಗು ಹೊದ್ದು ಸಾವುಕಾರರ ಕಟ್ಟೆಗೆ ಹೋದೆ. ಮಾತಾಡಲು ಯಾರು ಗಂಡಸರು ಬರ್ತಾರೆ ಎಂದು ಅವರು ಕೇಳಿದರು.

“ಯಾರೂ ಬರಂಗಿಲ್ರಿ. ನಾನ ಬಂದೇನ್ರಿ,” ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದೇ ನನಗೆ ಆಶ್ಚರ್ಯ. ದುಡ್ಡು ಎಣಿಸಿ ಕೊಟ್ಟೆ. ಮನೆಯ ದಾಖಲೆಯಲ್ಲಿ, ಉತಾರದಲ್ಲಿ, ನನ್ನ ಹೆಸರು ಏರಿತು — ನಮ್ಮ ಮನೆತನದಲ್ಲಿ ಹಾಗೆ ಹೆಸರು ಏರಿದ ಮೊದಲ ಹೆಂಗಸು ನಾನು. ಅಂದು ನಾನು ಹೊಸಿಲು ತೊಳೆದು, ಬಾಗಿಲು ಹಾಕಿಕೊಂಡು, ನಿಮ್ಮಪ್ಪನನ್ನು ಎತ್ತಿ ಮನೆಯ ತುಂಬ ಕುಣಿದೆ. ಹೌದು, ನಿಮ್ಮ ಆಯಿ ಕುಣಿದಿದ್ದಾಳೆ. ತಗಡು ತೆಗೆದು ಸ್ಲ್ಯಾಬ್ ಹಾಕಿಸಿದ ದಿನವೂ, ನಿಮ್ಮಮ್ಮ ಸೇರು ಒದ್ದು ಒಳಗೆ ಬಂದ ದಿನವೂ ಅದೇ ಸಂತೋಷ. ಖಾಲಿ ಮನೆಗಳಿಗೆ ಜನ ಬಂದರು. ಗಿರಣಿಯ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ, ಟೇಲರ್ ಅಂಗಡಿ ಬಂದವು. ಸತ್ತ ಚಾಳ ಎದ್ದು ಕುಳಿತಿತು. ಇದೆಲ್ಲ ನಿಜ. ಇದಕ್ಕೆ ನಾನು ನಾಚುವುದಿಲ್ಲ.

ನಾನು ನಾಚುವುದು ಗೌರವ್ವನ ಮುಂದೆ. ಅವರು ಬಸ್ ನಿಲ್ದಾಣದ ಹಿಂದೆ ಮನೆ ಕೊಂಡರು. ಆ ಮನೆಯ ಬೇಳೆ ಪರೀಕ್ಷೆಯಲ್ಲಿ ಗೆದ್ದ ನೀರು ಒಂದೆರಡು ವರ್ಷಕ್ಕೇ ಬತ್ತಿತು, ಹೊಸದಾಗಿ ಕೊರೆಸಿದ ಬೋರಿನಲ್ಲಿ ಬಂದದ್ದು ಗಡಸು ನೀರು. ಚಾಳಕ್ಕೆ ಬಂದವರ ಬೇಳೆ ನಮ್ಮ ಬಾವಿಯ ನೀರಿನಲ್ಲಿ ಕರಗುತ್ತದೆಂಬ ಸುದ್ದಿ ಕೇಳಿ ಗೌರವ್ವ ಕೊಡ ಹಿಡಿದು ಬಂದಳು. ನಿನ್ನ ನೀರು ಸಿಹಿ ಆಗೈತಂತಲ್ಲ, ಹೌದೇನು ಎಂದಳು. ಹೂಳು ತೆಗೆಸಿದೆ ಅಕ್ಕಾ, ಅದಕ್ಕ ಎಂದೆ. ಒಂದು ಸುಳ್ಳಿಗೆ ಇನ್ನೊಂದು.

“ನಿನ್ನ ಕೈಗುಣ ತಂಗೀ,” ಎಂದಳು.

ಅಲ್ಲಿಂದ ಅದೇ ಕಥೆಯಾಯಿತು. ಮೊನ್ನೆ ಶ್ರಾವಣದಲ್ಲಿ ಎದುರುಮನೆಯ ಹೊಸ ಸೊಸೆಯನ್ನು ಗಂಗೆ ಪೂಜೆಗೆ ನಮ್ಮ ಬಾವಿಗೆ ಕರೆತಂದಾಗ, ಮೊದಲ ಕೊಡ ನಿಮ್ಮ ಕೈಯಿಂದಲೇ ತುಂಬಿರಿ ಎಂದರು. ಗಂಡನಿಲ್ಲದವಳಿಗೆ ಅಂಥ ಮಾನ ಯಾರು ಕೊಡುತ್ತಾರೆ? ತುಂಬಿದೆ. ಪಕ್ಕದಲ್ಲಿ ಗೌರವ್ವ ಬಾವಿಗೆ ಕೈಮುಗಿದಳು. ಆ ಕೈ ಹಾಗೆಯೇ ನನ್ನ ಕಡೆ ತಿರುಗಿತು. ಅದನ್ನು ನೋಡಲಾಗಲಿಲ್ಲ.

ಎಲ್ಲರೂ ಹೋದ ಮೇಲೆ ಹೇಳಿದೆ. “ಅವತ್ತಿನ ಬ್ಯಾಳ್ಯಾಗ ನಾ ಹುಣಸಿ ಹಿಂಡಿದ್ನಿ, ಅಕ್ಕಾ.”

ಅವಳು ತುಂಬಿದ ಕೊಡವನ್ನು ಬಾವಿಕಟ್ಟೆಯ ಮೇಲೆ ಬಗ್ಗಿಸಿ, ಖಾಲಿ ಕೊಡ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ. ನೀವು ಕೇಳಿದಿರಿ, ಗೌರವ್ವಾಯಿ ಎಲ್ಲಿ ಎಂದು.

ಆಮೇಲೆ ಒಂದು ಬೆಳಿಗ್ಗೆ ಬಂದಳು, ಸೆರಗಿನಲ್ಲಿ ಬೇಳೆ ಕಟ್ಟಿಕೊಂಡು.

“ಗ್ಯಾಸ್ ಹಚ್ಚು. ಹುಣಸಿ ಡಬ್ಬಿ ಇತ್ತ ತಾ, ನನ್ನ ತೊಡಿ ಮ್ಯಾಲೆ ಇರ್ಲಿ.”

ಕೊಟ್ಟೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯಲ್ಲೇ ಕುಳಿತಳು, ನನ್ನ ಕೈಯಿಂದ ಕಣ್ಣು ತೆಗೆಯದೆ. ಬೇಳೆ ಬೆಂದಿತು. ಹಿಚುಕಿದಳು, ಬೆರಳು ನೆಕ್ಕಿದಳು. ಈ ಮನಿ ನನಗ ಭಾಳ ಬೇಕಾಗಿತ್ತು ನೋಡು ಎಂದಳು. ಹೌದು ಎಂದೆ.

“ದಿನಾ ನೀರು ಒಯ್ಯೂ ಮುಂದ ನಿನಗ ಪುಣ್ಯಾ ಬರ್ಲಿ ಅಂತ ಬೇಡಿಕೊಂಡೇನಿ. ಅದನ್ನ ಹೆಂಗ ಹೊಳ್ಳಿ ತಗೊಳ್ಳಲಿ ನಾ, ಹೇಳು?”

ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ.

ಅಂದಿನಿಂದ ಕೊಡ ನಾನು ಹೊರುತ್ತಿದ್ದೇನೆ. ಗಿರಣಿಯ ಚಿಮಣಿಯ ಕೆಳಗೆ ಹಾದು, ಬಸ್ ನಿಲ್ದಾಣ ಬಳಸಿ ಅವಳ ಮನೆಗೆ. ಒಂದೊಂದು ದಿನ ಮಾತಾಡುತ್ತಾಳೆ, ಒಂದೊಂದು ದಿನ ಬಾಗಿಲು ತೆಗೆದು ಸುಮ್ಮನೆ ಒಳಗೆ ಹೋಗುತ್ತಾಳೆ. ಮೊದಲ ದಿನವೇ ಟೇಲರ್ ಹುಡುಗರು ಕೇಳಿದರು, ಯಾಕಬೇ ಆಯಿ, ಈ ವಯಸ್ಸಿನ್ಯಾಗ ನೀರು ಹೊರಾಕತ್ತಿ ಎಂದು. ನಿಂತು ಹೇಳಿದೆ. ನಡುಬೀದಿಯಲ್ಲಿ, ಗಂಡಸರ ಮುಂದೆ, ಇದ್ದದ್ದನ್ನು ಇದ್ದ ಹಾಗೆ. ಸಾವುಕಾರರ ಕಟ್ಟೆಯಲ್ಲಿ ಆ ದಿನ ಬಂದಿದ್ದ ಧ್ವನಿ ಅದೇ, ನನ್ನದೇ. ಈ ಸಲ ಅದರ ಹಿಂದೆ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ತುಂಬಿದ ಕೊಡ ಹೊತ್ತು ತಲೆಯೆತ್ತಿ ನಡೆದೆ.

ಮನೆ ನಿಮ್ಮದು. ಬಾವಿಯೂ ನಿಮ್ಮದು. ನನ್ನ ಮೊಣಕಾಲು ಸೋತ ದಿನ ಕೊಡ ನೀವು ಎತ್ತಿಕೊಳ್ಳಿ. ದಾರಿಯಲ್ಲಿ ಯಾರಾದರೂ ಕೇಳಿದರೆ ನೀರು ಸಿಹಿಯಾದ ಕಥೆ ಹೇಳಬೇಡಿ. ಹುಣಸೆಯದು ಹೇಳಿ.