ಒರೆಸಬಾರದ ಗಾಜು

ಬೆಳಕು ಹರಿಯುವ ಹೊತ್ತಿಗೆ ಮಸಿಯಕ್ಕ ಪ್ರಯೋಗಾಲಯದ ತಾರಸಿ ಹತ್ತುತ್ತಾರೆ. ಅಲ್ಲಿ ಓರೆಯಾಗಿ ನಿಲ್ಲಿಸಿದ ಅಂಗೈಯಗಲದ ಸೌರಫಲಕದ ಮುಂದೆ ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಗಾಜಿನ ಮೇಲೆ ಧೂಳು ಕೂತಿದೆ, ಮೂಲೆಯಲ್ಲಿ ಹಕ್ಕಿಯ ಹಿಕ್ಕೆ ಬೇರೆ. "ಈ ಕೈ ಸುಮ್ನಿರಲ್ಲ ನೋಡಿ, ಕಟ್ಕೊಂಡ್ರೇ ವಾಸಿ" ಎಂದು ನಗುತ್ತಾರೆ.

ಮಸಿಯಕ್ಕ ಎಂಬ ಹೆಸರು ಅವರ ಕಪ್ಪು ಹತ್ತಿದ ಬೆರಳುಗಳಿಂದ ಬಂದದ್ದು. ವಿದ್ಯುತ್ ಹರಿಯಬಿಡುವ ಒಂದು ಬಗೆಯ ಪ್ಲಾಸ್ಟಿಕ್ಕು, ಕೂದಲಿಗಿಂತ ಸಾವಿರಾರು ಪಾಲು ಸಣ್ಣ ಇಂಗಾಲದ ಕೊಳವೆಗಳು, ಇವೆರಡನ್ನೂ ಬೆರೆಸಿದ ಕಪ್ಪು ಮಸಿಯನ್ನು ಅವರು ಗಾಜಿನ ಮೇಲೆ ಕಟ್ಟಿದ ಸೌರಕೋಶದ ಬೆನ್ನಿಗೆ ಬಳಿಯುತ್ತಾರೆ. ಬಿಸಿಲಿನಿಂದ ಹುಟ್ಟಿದ ಕರೆಂಟನ್ನು ಹೊರಗೆ ತರುವುದು ಈ ಪದರ. ದುಬಾರಿ ಲೋಹದ ಕೆಲಸವನ್ನು ಇದು ಅಗ್ಗದಲ್ಲಿ ಮಾಡೀತೇ ಎಂಬುದೇ ಇಲ್ಲಿನವರ ತಲೆಬಿಸಿ. ಜಾಲರಿಯ ಮೇಲೆ ಮಸಿ ಸುರಿದು ರಬ್ಬರ್ ಪಟ್ಟಿಯಿಂದ ಒಂದೇ ಉಸಿರಿಗೆ ಎಳೆಯಬೇಕು, ದಿನಕ್ಕೆ ನಲವತ್ತು ಗಾಜು. "ಮಧ್ಯೆ ತಡೆದ್ರೆ ಗೆರೆ ಬೀಳುತ್ತೆ. ಅಲ್ಲಿಗೆ ಆ ಗಾಜಿನ ಕತೆ ಮುಗೀತು."

ಗಂಡನ ಜೊತೆ ಆಮಂತ್ರಣ ಪತ್ರಿಕೆ ಅಚ್ಚು ಹಾಕುತ್ತಿದ್ದಾಗ ಕಲಿತ ವಿದ್ಯೆ ಇದು. ಗಂಡ ತೀರಿಕೊಂಡರು, ಜನ ಆಮಂತ್ರಣವನ್ನು ಫೋನಿನಲ್ಲೇ ಕಳಿಸತೊಡಗಿದರು, ಅಂಗಡಿಗೆ ಬೀಗ ಬಿತ್ತು. ಅದೇ ಕೈಚಳಕ ಅವರನ್ನು ಈ ಪ್ರಯೋಗಾಲಯಕ್ಕೆ ತಂದಿತು. ಇಬ್ಬರು ಮಕ್ಕಳನ್ನು ದಡ ಸೇರಿಸಿದ್ದು ಈ ಮಸಿಯೇ.

ಅವರು ಬಳಿದದ್ದೆಲ್ಲ ಒಳಗೇ ದೀಪದ ಕೆಳಗೆ ಪರೀಕ್ಷೆಯಾಗಿ, ಸತ್ತು, ಕಸಕ್ಕೆ ಹೋಗುತ್ತಿತ್ತು. ಹೊರಗಿನ ಬಿಸಿಲು ಕಂಡ ಮೊದಲನೆಯದು ತಾರಸಿಯ ಈ ಫಲಕ. ಒಂದು ವರ್ಷ ತಾಳಿದರೆ ಗೆದ್ದಂತೆ. ಮಸಿಯಕ್ಕ ಹಿಗ್ಗಿದರು, ಹಿಗ್ಗಿನಲ್ಲೇ ಎಡವಿದರು. ಯಾರಿಗೂ ಹೇಳದೆ ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದರು. ನಾಲ್ಕು ತಿಂಗಳ ಮೇಲೆ ವಿಷಯ ಗೊತ್ತಾದಾಗ ಸಂಶೋಧಕಿ ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. "ಅಕ್ಕಾ, ಜನರ ಮನೆ ಮೇಲೆ ಇದನ್ನ ದಿನಾ ಯಾರು ಒರೆಸ್ತಾರೆ? ಧೂಳಲ್ಲೂ ಬಾಳುತ್ತಾ ಅಂತ ತಾನೇ ನಾವು ನೋಡ್ತಿರೋದು?"

"ಮಕ್ಕಳ ಮುಖ ಒರೆಸಿದ ಹಾಗೆ ಒರೆಸ್ಬಿಟ್ಟೆ. ತಪ್ಪು ಅಂತ ಹೊಳೀಲೇ ಇಲ್ಲ" ಎನ್ನುತ್ತಾರೆ ಮಸಿಯಕ್ಕ.

ಪರೀಕ್ಷೆ ಮೊದಲಿನಿಂದ ಶುರುವಾಗಿದೆ. ಅದಕ್ಕೆ ವರ್ಷ ತುಂಬುವ ಮೊದಲೇ, ಈ ತಿಂಗಳ ಕೊನೆಗೆ, ಅವರ ನಿವೃತ್ತಿ. ಒರೆಸದೆ ಇದ್ದಿದ್ದರೆ ಗೆಲುವೋ ಸೋಲೋ ಇಲ್ಲಿದ್ದೇ ಕಣ್ಣಾರೆ ನೋಡುತ್ತಿದ್ದರು. ನೆನೆದರೆ ಸಂಕಟವಾಗುತ್ತದೆ. ಸೊಸೆಗೆ ಮಾತ್ರ ತಮಾಷೆ: "ಮನೆ ಕಿಟಕಿ ಧೂಳು ನಮ್ಮತ್ತೆ ಕಣ್ಣಿಗೆ ಯಾವತ್ತೂ ಬಿದ್ದಿಲ್ಲ."

ಮೇಡಂ ಬಳಿ ಮಸಿಯಕ್ಕ ಕೇಳಿಕೊಂಡಿರುವುದು ಒಂದೇ. "ವರ್ಷ ತುಂಬಲಿ, ಇಲ್ಲ ಮಧ್ಯದಲ್ಲೇ ಸಾಯಲಿ, ಅದನ್ನ ಕೆಳಗಿಳಿಸೋ ದಿನ ನಂಗೊಂದು ಫೋನ್ ಮಾಡಿ. ಒರೆಸೋ ಬಟ್ಟೆ ನಾನೇ ತರ್ತೀನಿ."