ಕಸದ ಗುಡ್ಡಕ್ಕೆ ಹೊದಿಸಿದ ಕೆರೆಮಣ್ಣು

ಅಥಣಿಯಿಂದ ಚಿಕ್ಕೋಡಿ ಕಡೆ ಹೋಗುವಾಗ ನಮ್ಮೂರು ಸಿಗುತ್ತದೆ. ಹೆಸರು ಹೇಳಿದರೆ ಊರಿನವರಿಗೆ ಸಿಟ್ಟು ಬರುತ್ತದೆ. ಊರ ಕಸದ ಗುಡ್ಡದಿಂದ ಸದಾ ಏಳುತ್ತಿದ್ದ ಹೊಗೆಯ ಮೇಲೆ ಮಾತ್ರ ಯಾರಿಗೂ ಸಿಟ್ಟು ಬಂದಿರಲಿಲ್ಲ. ಆ ಗುಡ್ಡದ ಪಕ್ಕದಲ್ಲೇ ನಮ್ಮ ಹೊಲ, ಮನೆ. ಅವ್ವನಿಗೆ ಉಬ್ಬಸ. ಅಡುಗೆಮನೆಯ ಕಿಟಕಿ ಮುಚ್ಚಿ ಎಷ್ಟು ಕಾಲವಾಗಿತ್ತೆಂದರೆ, ಅದರ ಮುಂದೆ ಉಪ್ಪಿನಕಾಯಿ ಭರಣಿಗಳು ಕಾಯಮ್ಮಾಗಿ ಠಿಕಾಣಿ ಹೂಡಿದ್ದವು.

ಹೀಗಿರುವಾಗ ಕಸದಿಂದ ಕರೆಂಟು ತೆಗೆಯುವ ಯೋಜನೆ ಬಂತು. ಕಸ ಕೊಳೆತರೆ ಗ್ಯಾಸು ಹುಟ್ಟುತ್ತದೆ, ಅದು ಗಾಳಿಗೆ ಸೇರಿದರೆ ಭೂಮಿ ಕಾಯುತ್ತದೆ, ಹಿಡಿದು ಎಂಜಿನ್ ಓಡಿಸಿದರೆ ಬೀದಿದೀಪ ಉರಿಯುತ್ತದೆ ಎಂದು ಎಂಜಿನಿಯರ್ ಸಾಹೇಬರು ಮೈಕು ಹಿಡಿದು ವಿವರಿಸಿದರು. ಅಪ್ಪನ ತಮ್ಮ, ನಮ್ಮ ಕಾಕಾ, ನಕ್ಕುಬಿಟ್ಟ.

"ಇದರಾಗೇನೈತ್ರಿ ಸಾಹೇಬ್ರ, ನಮ್ಮ ಹಿತ್ತಲದಾಗೂ ಗೋಬರ್ ಗ್ಯಾಸ್ ಐತಿ. ಎಮ್ಮಿ ಬದಲಿ ನೀವು ಊರ ಕಟ್ಟೀರಿ, ಅಷ್ಟ."

ಗುಡ್ಡವನ್ನು ಸಮ ಮಾಡಿ ಪೈಪು ಇಳಿಸಿದರು. ಗ್ಯಾಸು ಹೊರಗೆ ಬಾರದಂತೆ, ಗಾಳಿ ಒಳಗೆ ಹೋಗದಂತೆ ಕೆರೆಯ ಕರಿಮಣ್ಣು ತಂದು ದಪ್ಪಗೆ ಹೊದಿಸಿದರು. ಹಾರ, ತಲೆಗೆ ಪಟಗಾ, ಭಾಷಣ ಎಲ್ಲ ಆದವು. ಆಶ್ಚರ್ಯವೆಂದರೆ, ದೀಪವೂ ಹತ್ತಿತು. ಹೊಗೆ ನಿಂತಿತು. ಅವ್ವ ಭರಣಿ ಸರಿಸಿ ಕಿಟಕಿ ತೆಗೆದಳು. ಬಂದವರಿಗೆಲ್ಲ, "ರೊಟ್ಟಿ ಬಡಕೋತ ಹೊಲಾ ನೋಡಬಹುದ್ರಿ" ಎಂದು ತೋರಿಸುತ್ತಿದ್ದಳು. ಜೀವನದಲ್ಲಿ ಮೊದಲ ಸಲ ನನಗೆ ಸರಕಾರಿ ಯೋಜನೆಯೊಂದರ ಮೇಲೆ ಪ್ರೀತಿ ಹುಟ್ಟಿತು.

ಆದರೆ ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಮಣ್ಣು ಹೇರಿ ಹೊಲಕ್ಕೆ ಹಾಕುವುದು ನಮ್ಮ ಕಡೆಯ ರೂಢಿ. ಅಂಥ ಮಣ್ಣು ಕಸದ ಮೇಲೆ ಆರಾಮಾಗಿ ಮಲಗಿದ್ದರೆ ರೈತನಿಗೆ ನಿದ್ದೆ ಎಲ್ಲಿಂದ ಬರಬೇಕು? ಕಬ್ಬು ನಾಟಿಗೆ ಮುಂಚೆ ಗುಡ್ಡಕ್ಕೆ ಮೊದಲ ಟ್ರಾಲಿ ಬಂತು. ಟ್ರ್ಯಾಕ್ಟರ್ ಮೇಲೆ ನಮ್ಮ ಕಾಕಾ. ಬೇಡವೆಂದು ಅಡ್ಡ ನಿಂತೆ.

"ಕಸಕ್ಕ ಯಾಕ ಬೇಕೋ ಇಂಥಾ ಮಣ್ಣ? ಅದೇನ ಪೀಕ ತಗಿತೈತೇನು?"

ಪ್ರಶ್ನೆ ಊರಿಗೆಲ್ಲ ಬಹಳ ಹಿಡಿಸಿತು. ಟ್ರಾಲಿಗಳು ಸಾಲುಗಟ್ಟಿದವು. ತಡೆಯಬೇಕಾದ ಕಾವಲುಗಾರ ತನ್ನ ಹೊಲಕ್ಕೂ ಒಂದು ಟ್ರಾಲಿ ಹೇಳಿದ.

ಗ್ಯಾಸು ತನ್ನ ಪಾಡಿಗೆ ಆಕಾಶ ಸೇರಿತು, ಎಂಜಿನ್ ಕೆಮ್ಮಿ ನಿಂತಿತು, ಗಾಳಿ ಹೊಕ್ಕ ಗುಡ್ಡ ಒಳಗಿಂದ ಹೊತ್ತಿಕೊಂಡಿತು. ಬೋಳಾದ ಗುಡ್ಡದ ಮುಂದೆ ಸಾಹೇಬರು ತಲೆ ಹಿಡಿದುಕೊಂಡು ಮತ್ತೆ ವಿವರಿಸಿದರು. ಕಾಕಾನಿಗೇ ಬೇಜಾರಾಯಿತು.

"ಅದು ಮುಚ್ಚಳಾ ಅಂತ ಹೇಳಬೇಕಿಲ್ಲೇನ್ರಿ? ಗೋಬರ್ ಗ್ಯಾಸಿನ ಡ್ರಮ್ಮ ಯಾರರ ಒಯ್ತಾರೇನು?"

ಆ ವರ್ಷ ನಮ್ಮ ಪಕ್ಕದ ಹೊಲದಲ್ಲಿ ಕಾಕಾನ ಕಬ್ಬು ಆಳೆತ್ತರ ಮೀರಿ ಬಂತು. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಉಣ್ಣುತ್ತ ಕೂತು, ಹೆಮ್ಮೆ ತಡೆಯಲಾರದೆ, "ವೈನಿ, ಕಬ್ಬ ನೋಡೀರೇನು?" ಎಂದ.

ಅವ್ವ ಭರಣಿಗಳ ಹಿಂದೆ ಮತ್ತೆ ಮುಚ್ಚಿದ ಕಿಟಕಿಯತ್ತ ಒಮ್ಮೆ ನೋಡಿದಳು. ಉಸಿರು ಎಳೆದುಕೊಂಡು, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಇಲ್ಲಪಾ. ಹ್ಯಾಂಗ ಬಂದೈತಿ, ನೀನ ಹೇಳು."