ಮನೆಯವರನ್ನೆಲ್ಲ ಉಪವಾಸ ಕೂರಿಸಿದ ಡಾಕ್ಟರಮ್ಮ

ಮೊನ್ನೆ ಲ್ಯಾಬಿನಲ್ಲಿ ರಕ್ತ ಕೊಡಲು ಕೂತಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅರಸೀಕೆರೆಯ ನಮ್ಮ ಹಿತ್ತಿಲು ನೆನಪಾಯಿತು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ದನದಾಸ್ಪತ್ರೆಯ ಡಾಕ್ಟರಮ್ಮನೂ...

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ನಾಯಿ ಕೆಂಚ ವಿಪರೀತ ನೀರು ಕುಡಿಯತೊಡಗಿದ್ದ. ಟವಲಿನಿಂದ ಬಾಯಿ ಕಟ್ಟಿ, ಆಟೋಗೆ ತುಂಬಿ, ಆಸ್ಪತ್ರೆಯಲ್ಲಿ ಎಲ್ಲರೂ ಅದುಮಿ ಹಿಡಿದು ರಕ್ತ ತೆಗೆಸಿದೆವು. ಸಕ್ಕರೆ ಜಾಸ್ತಿ ಬಂತು. ಕಾಯಿಲೆ ನಿಜವಾದರೆ ದಿನಾ ಸೂಜಿ ಚುಚ್ಚುವವರು ಯಾರು, ಕೊಬ್ಬರಿ ಮಂಡಿಗೆ ಬಿಟ್ಟುಬರೋಣ ಎಂದರು ಅಪ್ಪ. ನಾನು ಅವರ ಹತ್ತಿರ ಮಾತು ಬಿಟ್ಟೆ.

ಡಾಕ್ಟರಮ್ಮ ಮಾತ್ರ ಒಪ್ಪಲಿಲ್ಲ. "ಇದು ಕಾಯಿಲೆ ಸಕ್ಕರೆ ಅಲ್ದೇ ಇರ್ಬೋದು ಕಣ್ರೀ, ಹೆದರಿಕೆ ಸಕ್ಕರೆ" ಎಂದರು. ಗಾಬರಿಯಾದರೆ ರಕ್ತಕ್ಕೆ ಒಂದು ಹಾರ್ಮೋನು ಇಳಿಯುತ್ತದಂತೆ. ಅದನ್ನು ಹಿಡಿದುಕೊಳ್ಳಲು ರಕ್ತಕಣಗಳಲ್ಲಿ ಗ್ರಾಹಕಗಳೆಂಬ ಕೊಂಡಿಗಳಿರುತ್ತವಂತೆ. ಹಿಡಿದರೆ ಕಣಗಳ ಲೆಕ್ಕವೇ ಏರುಪೇರು. ಅತ್ತ ಓಡಲು ಬೇಕಾದೀತೆಂದು ಲಿವರು ಸಕ್ಕರೆ ಸುರಿಯುತ್ತದಂತೆ. ಇನ್‌ಸ್ಪೆಕ್ಷನ್ ದಿನ ಆಫೀಸಿನಲ್ಲಿ ತಮಗೂ ಹಾಗೇ ಆಗುತ್ತದೆಂದು ಅಪ್ಪ ತಲೆಯಾಡಿಸಿದರು.

ಭಾನುವಾರ ಬೆಳಿಗ್ಗೆ ಬಿಳಿ ಕೋಟಿಲ್ಲದೆ, ನೂಲಿನ ಸೀರೆಯುಟ್ಟು ಅವರೇ ಮನೆಗೆ ಬಂದರು. ಕೆಂಚ ಖಾಲಿ ಹೊಟ್ಟೆಯಲ್ಲಿರಬೇಕು, ವಾಸನೆಗೆ ಅವನು ಚಡಪಡಿಸದಂತೆ ಮನೆಯಲ್ಲಿ ಯಾರೂ ತಿನ್ನಬಾರದು ಎಂದು ಮೊದಲೇ ಹೇಳಿದ್ದರು. ಅಮ್ಮ ಒಲೆ ಹಚ್ಚಿರಲಿಲ್ಲ. ರೊಟ್ಟಿ ಕಾಣದ ಅಪ್ಪ, ಕಾಯಿಲೆ ನಾಯಿಗೋ ತಮಗೋ ಎಂದು ಗೊಣಗಿದರು. ಡಾಕ್ಟರಮ್ಮ ಕೆಂಚನ ಕಡೆ ನೋಡದೆ ಅಮ್ಮನ ಜೊತೆ ಉಪ್ಪಿನಕಾಯಿ ವಿಚಾರ ಮಾತಾಡುತ್ತಾ ಕೂತರು. ಎಷ್ಟೋ ಹೊತ್ತಿಗೆ ಕೆಂಚ ತಾನೇ ಬಂದು ಮೂಸಿ, ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿದ. ರಕ್ತ ತೆಗೆದಾಗ ಒಂದು ಕಣ್ಣು ತೆರೆದನಷ್ಟೆ.

ಅಮ್ಮ ರೊಟ್ಟಿ ತಟ್ಟಲು ಓಡಿದಳು. ಡಾಕ್ಟರಮ್ಮ ಎದ್ದೇಬಿಟ್ಟರು. ತಡವಾದರೆ ಟ್ಯೂಬಿನೊಳಗಿನ ರಕ್ತಕಣಗಳೇ ಸಕ್ಕರೆ ತಿಂದುಬಿಡುತ್ತವಂತೆ. "ಅವಕ್ಕೆ ಉಪವಾಸ ಗೊತ್ತಿಲ್ಲ. ಊಟಕ್ಕೆ ಇನ್ನೊಂದಿನ ಬರ್ತೀನಿ."

ಸಂಜೆ ಗೇಟಿನಲ್ಲೇ ನಿಂತು, ಸಕ್ಕರೆ ಸರಿಯಾಗಿದೆ, ಬೇಸಿಗೆಗೆ ನೀರು ಕುಡಿಯುತ್ತಾನೆ, ನೀವು ಕುಡಿಯುವುದಿಲ್ಲವೇ ಎಂದು ನಕ್ಕು, ಯಾರದೋ ಹಸುವಿನ ಹೆರಿಗೆಗೆ ಹೊರಟುಹೋದರು. ಅಪ್ಪನೇ ಕೆಂಚನಿಗೆ ಕೊಬ್ಬರಿ ಚೂರು ತಿನ್ನಿಸಿದರು. ನನಗೆ ಆ ಸಂಜೆಯ ಖುಷಿ ಈಗಲೂ ಇದೆ.

ಆಮೇಲೆ ಡಾಕ್ಟರಮ್ಮನಿಗೆ ಹಳೇಬೀಡಿಗೆ ವರ್ಗವಾಯಿತು. ಕೆಂಚ ಮುದುಕನಾಗಿ ನಮ್ಮ ಮನೆಯಲ್ಲೇ ಕಣ್ಣು ಮುಚ್ಚಿದ...

ಲ್ಯಾಬಿನಿಂದ ಬಂದು ಇದನ್ನೆಲ್ಲ ನೆನೆದು ನಗುತ್ತಿದ್ದರೆ ಅಮ್ಮ ನಗಲಿಲ್ಲ. ಡಾಕ್ಟರಮ್ಮ ಹೋದ ವರ್ಷ ತೀರಿಕೊಂಡರೆಂದು ಹಳೇಬೀಡಿನ ನೆಂಟರು ಹೇಳಿದರಂತೆ.

"ನಮ್ಮನೇಲಿ ಒಂದು ತುತ್ತೂ ತಿನ್ನಲಿಲ್ಲ ಕಣೇ ಅವ್ರು" ಎಂದಳು ಅಮ್ಮ.